ನಳದ ಜಗಳ ಮತ್ತು ಹರಟೆಯ ಚರಿತ್ರೆ

ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಬಂದ ಹೊಸದರಲ್ಲಿ ಒಂದು ಕನ್ನಡ ಸ್ಮರಣ ಸಂಚಿಕೆಗೆ ಲೇಖನ ಬರೆದಿದ್ದೆ. ವಿಷಯ, ನಮ್ಮ ವಾಡೆಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿದ್ದ ನಳದ ಜಗಳ. ಅಚ್ಚಾಗಿ ಬಂದಾಗ ನೋಡಿದರೆ ನನ್ನ ‘ನಳ’ ಹೋಗಿ ‘ಜಲಮೂಲ’ ಆಗಿತ್ತು! ‘ಚಹಾ ಕುಡದ್ವಿ’ ಅಂದದ್ದು ‘ಚಹಾಪಾನವನ್ನು ಮಾಡಿದೆವು’ ಆಗಿತ್ತು. ಆದರೂ ಹೆಮ್ಮೆಯಿಂದ ಧಾರವಾಡಕ್ಕೆ ಒಂದು ಪ್ರತಿ ಕಳಿಸಿದೆ. ಅವ್ವ ಓದಿ, “ಚೊಲೋ ಅದ. ಆದ್ರ ನೀ ಬರದಂಗ ಇಲ್ಲೋ, ಯಾರೋ ಮಾಸ್ತರು ಬರದಂಗದ” ಅಂದಳು.

ಆ ಮಾತು ಇನ್ನೂ ಚುಚ್ಚುತ್ತದೆ ನೋಡಿ. ಮಾತಾಡಿದ ಹಾಗೆ ಬರೆಯೋದಕ್ಕೆ ಏನು ಕಷ್ಟ ಅಂತ ಹುಡುಕುತ್ತ ಹೋದರೆ, ಈ ಊರಿನಲ್ಲೇ ಅದಕ್ಕೊಂದು ಚರಿತ್ರೆ ಸಿಕ್ಕಿತು.

1881ರಲ್ಲಿ ಇಲ್ಲಿ ‘ಕೇಸರಿ’ ಶುರುವಾಯ್ತು. ಆಗರಕರರು, ಆಮೇಲೆ ಟಿಳಕರು. ಅವರ ಅಗ್ರಲೇಖಗಳ ಗದ್ಯ ಎದ್ದು ನಿಂತು, ಸಾವಿರ ಜನರ ಮುಂದೆ ಆಡುವ ಗದ್ಯ. ಕಾಲ ಅದನ್ನೇ ಕೇಳುತ್ತಿತ್ತು ಬಿಡಿ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಮಾತಾಡುವ ಗದ್ಯ ಬಂದದ್ದು ನಂತರ. ನಾ. ಸೀ. ಫಡಕೆ ಅದಕ್ಕೆ ಇಟ್ಟ ಹೆಸರು ‘ಗುಜಗೋಷ್ಟಿ’, ಅಂದರೆ ಕಿವಿಯ ಹತ್ತಿರ ಆಡುವ ಆಪ್ತ ಮಾತು. (ಮರಾಠಿಯ ‘ಗೋಷ್ಟ’ ಅಂದರೆ ಬರೀ ಕತೆ, ಸಂಗತಿ. ನಮ್ಮ ‘ಗೋಷ್ಠಿ’ಗೆ ಮಾತ್ರ ಹಾರ, ಮೈಕು, ಅಧ್ಯಕ್ಷರು ಎಲ್ಲಾ ಬೇಕು!) ಫ್ರಾನ್ಸಿನ ಮೊಂತೇನ್ 1580ರಲ್ಲೇ ತನ್ನನ್ನೇ ವಿಷಯ ಮಾಡಿಕೊಂಡು ಪ್ರಬಂಧ ಬರೆದಿದ್ದ. ನಮ್ಮವರಿಗೆ ಅದು ಇಂಗ್ಲಿಷಿನ ಮೂಲಕ ಬಂತು.

ಕನ್ನಡದಲ್ಲೂ ಸುಮಾರು ಅದೇ ಹೊತ್ತು. ಗೊರೂರರ ‘ಹಳ್ಳಿಯ ಚಿತ್ರಗಳು’ 1930, ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937, ರಾಶಿಯವರ ‘ಕೊರವಂಜಿ’ 1942. ಇಲ್ಲೇ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮಾಡಿದ ಬೇಂದ್ರೆಯವರು ಕೂಡ ‘ನಿರಾಭರಣ ಸುಂದರಿ’ಯಲ್ಲಿ ಹರಟೆ ಹೊಡೆದವರೇ. ನಾವಂತೂ ಈ ಪ್ರಕಾರಕ್ಕೆ ‘ಹರಟೆ’ ಅಂತಲೇ ಹೆಸರಿಟ್ಟುಬಿಟ್ಟೆವು. ಮನೆಯಲ್ಲಿ ಬೈಯಲು ಬಳಸುವ ಶಬ್ದವನ್ನೇ ಸಾಹಿತ್ಯಕ್ಕೆ ಕೊಟ್ಟ ಧೈರ್ಯ ನನಗೆ ಭಾರೀ ಇಷ್ಟ. ಹುಬ್ಬಳ್ಳಿಯ ‘ಕಸ್ತೂರಿ’ಯಲ್ಲಿ ಪಾವೆಂ ಆಚಾರ್ಯರು ‘ಲಾಂಗೂಲಾಚಾರ್ಯ’ ಆಗಿ ಬರೆದದ್ದನ್ನು ಓದಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಆದರೆ ಅವ್ವ ಹೇಳಿದ್ದರ ಅರ್ಥ ನನಗೆ ಆದದ್ದು ಒಬ್ಬ ಮರಾಠಿ ಲೇಖಕರಿಂದ. ಪು.ಲ. ದೇಶಪಾಂಡೆ. ‘ವ್ಯಕ್ತಿ ಆಣಿ ವಲ್ಲಿ’ಗೆ 1965ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು, 2000ದಲ್ಲಿ ಇದೇ ಪುಣೆಯಲ್ಲಿ ತೀರಿಕೊಂಡರು. ಬರೆದದ್ದನ್ನು ತಾವೇ ಹೇಳಿ ರೆಕಾರ್ಡ್ ಮಾಡಿದವರು. ಪಕ್ಕದ ಮನೆಯ ಕಾಕಾ ಭಾನುವಾರ ಕ್ಯಾಸೆಟ್ ಹಾಕಿದರೆ ಇಡೀ ವಾಡೆಗೆ ಕೇಳುತ್ತಿತ್ತು. ಒಂದು ದಿನ ‘ರಾವಸಾಹೇಬ’ ಬಂತು. ಪು.ಲ. ಕೆಲ ಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಮಾಡಿದ್ದರಲ್ಲ, ಅಲ್ಲಿಯ ಗೆಳೆಯನ ಚಿತ್ರ ಅದು. ರಾವಸಾಹೇಬರ ಮಾತು ಬೆಳಗಾವಿಯ ಮರಾಠಿ, ರಾಗವೆಲ್ಲ ನಮ್ಮ ಕನ್ನಡದ್ದು! ಕಾಕಾ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ನಕ್ಕೆ, ಕಣ್ಣಲ್ಲಿ ನೀರೂ ಬಂತು. ನಮ್ಮ ಸೋದರಮಾವ ಮಾತಾಡಿದ ಹಾಗೇ ಇತ್ತು. ಪು.ಲ. ಆ ಮಾತನ್ನು ತಿದ್ದಿ ಪುಣೇರಿ ಮಾಡಿರಲಿಲ್ಲ. ಶುದ್ಧ ಮರಾಠಿಯ ಬಗ್ಗೆ ಇಷ್ಟು ಬಿಗಿಯಾಗಿರುವ ಈ ಊರು ಅದನ್ನು ತಲೆ ಮೇಲೆ ಹೊತ್ತುಕೊಂಡಿತು.

ನನ್ನ ‘ಚಹಾ ಕುಡದ್ವಿ’ಗೆ ಆ ಭಾಗ್ಯ ಇರಲಿಲ್ಲ. ಮಕ್ಕಳು ಕನ್ನಡ ಓದುವುದಿಲ್ಲ, ಆದರೆ ನಾನು ಓದಿದರೆ ಕೇಳುತ್ತಾರೆ. ಆ ಹಳೇ ಸಂಚಿಕೆ ತೆಗೆದು ಓದಿದಾಗ ‘ಜಲಮೂಲ’ಕ್ಕೆ ಬಂದ ಕೂಡಲೇ ಮಗಳು, “ಅಪ್ಪಾ, ಇದು ಯಾರ ಮನಿ ಕತಿ?” ಅಂದಳು.

ಅವ್ವ ಈಗ ಇಲ್ಲ. ಮೊನ್ನೆ ನಳದ ಜಗಳವನ್ನು ಮೊದಲಿಂದ ಬರೆಯಲು ಕೂತೆ. ಎರಡನೇ ಸಾಲಿಗೇ ‘ಬಾದಲಿ’ ಅಂತ ಬಂತು. ಧಾರವಾಡದಲ್ಲಿ ನಾವು ಬಕೀಟು ಅನ್ನುತ್ತಿದ್ದೆವು. ಹೊಡೆದು ಹಾಕಲು ಪೆನ್ನು ಎತ್ತಿದವನು, ಜಗಳವಾದದ್ದು ಬಾದಲಿಗೇ ಅಲ್ಲವೇ ಅಂತ ಹಾಗೇ ಬಿಟ್ಟೆ.