ಒಂದು ಸಂಖ್ಯೆ, ಮೂರು ವರ್ಷಗಳ ಭಾನುವಾರ

147573952589676412927. ಎರಡನ್ನು ಅರವತ್ತೇಳು ಬಾರಿ ಬರೆದು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಸಿಗುವ ಇಪ್ಪತ್ತೊಂದು ಅಂಕಿಗಳ ಸಂಖ್ಯೆ ಇದು. ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಇದು ತನ್ನ ಗುಟ್ಟನ್ನು ಬಿಟ್ಟುಕೊಡಲಿಲ್ಲ.

ಇಂಥವಕ್ಕೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಎರಡನ್ನು ಮೂರು ಬಾರಿ ಗುಣಿಸಿ ಒಂದು ಕಳೆದರೆ 7, ಐದು ಬಾರಿಯಾದರೆ 31. ಎರಡೂ ಅವಿಭಾಜ್ಯ, ಅಂದರೆ ಒಂದು ಮತ್ತು ತಮ್ಮನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗವು. ಹನ್ನೊಂದು ಬಾರಿಗೆ ಬರುವ 2047 ಮಾತ್ರ 23 ಮತ್ತು 89ರ ಗುಣಲಬ್ಧ. ಹಾಗಾದರೆ ಎಷ್ಟು ಬಾರಿಗೆ ಅವಿಭಾಜ್ಯ ದೊರೆಯುತ್ತದೆ? ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಒಂದು ಪಟ್ಟಿ ಕೊಟ್ಟ. ಅದರಲ್ಲಿ 67 ಇತ್ತು. ಅದನ್ನು ಪರೀಕ್ಷಿಸಿ ನೋಡುವ ಉಪಾಯ ಆ ಕಾಲದಲ್ಲಿ ಯಾರಲ್ಲೂ ಇರಲಿಲ್ಲ.

1876ರಲ್ಲಿ ಫ್ರಾನ್ಸಿನವನೇ ಆದ ಎದುವಾರ್ ಲೂಕಾ ಹೊಸ ಪರೀಕ್ಷೆಯೊಂದನ್ನು ಕಂಡುಕೊಂಡು, ಈ ಸಂಖ್ಯೆ ಅವಿಭಾಜ್ಯವಲ್ಲವೆಂದು ತೋರಿಸಿದ. ವಿಚಿತ್ರವೆಂದರೆ, ಅದು ಯಾವುದರಿಂದ ಭಾಗವಾಗುತ್ತದೆಂದು ಅವನಿಗೂ ತಿಳಿಯಲಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವುದುಂಟು. ಸದ್ದು ಕೇಳಿದೊಡನೆ ಬಿರುಕಿದೆಯೆಂದು ಗೊತ್ತಾಗುತ್ತದೆ, ಎಲ್ಲಿದೆಯೆಂದು ಗೊತ್ತಾಗದು. ಲೂಕಾನ ಪರೀಕ್ಷೆಯೂ ಹಾಗೆಯೇ.

ಬಿರುಕನ್ನು ಹುಡುಕಿದವನು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್. ಈ ಸಂಖ್ಯೆಯ ಯಾವ ಭಾಜಕವನ್ನು 134ರಿಂದ ಭಾಗಿಸಿದರೂ ಶೇಷ ಒಂದೇ ಬರಬೇಕು. ಈ ಜರಡಿ ಹಿಡಿದರೂ, ಉತ್ತರ ಸಿಗುವ ಮೊದಲು 14 ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು ಉಳಿಯುತ್ತವೆ. ಆದ್ದರಿಂದ ಇನ್ನೂ ಸೂಕ್ಷ್ಮವಾದ ಜರಡಿಗಳು ಬೇಕಾದವು. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ ಸೇರಿತ್ತು. ಗಣಿತ ಚರಿತ್ರೆಯ ಲೇಖಕ ಇ. ಟಿ. ಬೆಲ್ ಬರೆದಿರುವಂತೆ, ಕೋಲ್ ಮಾತಿಲ್ಲದೆ ಹಲಗೆಯ ಬಳಿಗೆ ಹೋಗಿ ಮೊದಲು ಈ ಸಂಖ್ಯೆಯನ್ನು ಲೆಕ್ಕ ಹಾಕಿದ. ಪಕ್ಕದಲ್ಲಿ 19,37,07,721ನ್ನು 7,61,83,82,57,287ರಿಂದ ಕೈಯಾರೆ ಗುಣಿಸಿದ. ಎರಡು ಉತ್ತರಗಳೂ ಒಂದೇ. ಸಭೆ ಚಪ್ಪಾಳೆ ತಟ್ಟಿತು. ಕೋಲ್ ಸುಮ್ಮನೆ ಬಂದು ಕುಳಿತ. ಇದಕ್ಕೆಷ್ಟು ಕಾಲ ಹಿಡಿಯಿತೆಂದು ಬೆಲ್ ಮುಂದೊಮ್ಮೆ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳೆಂದು ಉತ್ತರ ಬಂತಂತೆ. ಆ ಗುಣಾಕಾರವನ್ನು ಸರಿನೋಡಲು ಸಭಿಕರಿಗೆ ಕೆಲವು ನಿಮಿಷ ಸಾಕಾಗಿತ್ತು.

ತಟ್ಟಿ ನೋಡುವ ವಿದ್ಯೆ ಆಮೇಲೆ ಬಹಳ ಬೆಳೆಯಿತು. ಲೂಕಾನ ಪರೀಕ್ಷೆ ಸಲ್ಲುವುದು ಕೆಲವು ಬಗೆಯ ಸಂಖ್ಯೆಗಳಿಗೆ ಮಾತ್ರ. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರು, ಯಾವುದೇ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಭಾಜಕ ಹುಡುಕದೆಯೇ ಖಚಿತವಾಗಿ, ಮಿತವಾದ ಹಂತಗಳಲ್ಲಿ ಹೇಳಬಲ್ಲ ವಿಧಾನ ಕೊಟ್ಟು ಜಗತ್ತಿನ ಗಮನ ಸೆಳೆದರು.

ಬಿರುಕು ಎಲ್ಲಿದೆಯೆಂದು ಹುಡುಕುವ ಕೆಲಸ ಮಾತ್ರ ಅಷ್ಟು ಹಗುರವಾಗಿಲ್ಲ. ಕೋಲನ ಸಂಖ್ಯೆಯನ್ನು ಇಂದಿನ ಕಂಪ್ಯೂಟರು ಕ್ಷಣದಲ್ಲಿ ಒಡೆಯುತ್ತದೆ, ನಿಜ. ಆದರೆ ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಮಾಡಿದ ಆರುನೂರು ಅಂಕಿಗಳ ಸಂಖ್ಯೆಯೆದುರು ಅದೂ ಕೈಚೆಲ್ಲುತ್ತದೆ. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಈ ಕಷ್ಟವನ್ನೇ ನೆಚ್ಚಿ ಒಂದು ಗುಪ್ತಲಿಪಿಯನ್ನು ರೂಪಿಸಿದರು. ಗುಟ್ಟಾಗಿರಬೇಕಾದ ಎಷ್ಟೋ ಸಂದೇಶಗಳಿಗೆ ಅದು ಇಂದಿಗೂ ಬೀಗ. ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಒಂದೇ ನಂಬಿಕೆಯ ಮೇಲೆ ಆ ಬೀಗ ನಿಂತಿದೆ.