ಕಾವಲು ಕಾಯುವ ಯಂತ್ರಗಳು

ಬಿ.ಜಿ. ಕೆರೆಯ ಹೋಟೆಲಿನಲ್ಲಿ ಬೆಳಗಿನ ಚಹಾ ಕುಡಿಯುತ್ತಾ ಕೂತಿದ್ದೆ. ಚಳ್ಳಕೆರೆ ಹತ್ತಿರ ಇಸ್ರೋದ ವಿಮಾನ ತಾನಾಗಿಯೇ ಇಳಿದ ಸುದ್ದಿ ಪೇಪರಿನಲ್ಲಿತ್ತು. ಪಕ್ಕದಲ್ಲಿದ್ದ ಕುರಿಗಾಹಿ ಹಿರಿಯರೊಬ್ಬರು ಫೋಟೋ ನೋಡಿದರು. "ಒಳಗೆ ಒಬ್ಬ ಮನುಷ್ಯನೂ ಇಲ್ವಂತಲ್ಲಪ್ಪ, ಮತ್ತೆ ಹೊಡ್ಯೋರು ಯಾರು?"

"ಕಂಪ್ಯೂಟರ್ ತಾತ."

"ಬಿದ್ರೆ ಯಾರನ್ನ ಕೇಳಾದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ರೋಬೋ ಅಂದರೆ ನಮಗೆ ನೆನಪಾಗುವುದು ಸಿನಿಮಾ. ಕಬ್ಬಿಣದ ಮೈ, ಕೆಂಪು ಕಣ್ಣು. ನಿಜವಾದ ರೋಬೋಗೆ ಕೈಕಾಲು ಇರಲೇಬೇಕೆಂದಿಲ್ಲ. ಸುತ್ತಲಿನದನ್ನು ಅಳೆದು, ಲೆಕ್ಕ ಹಾಕಿ, ಯಾರೂ ಹೇಳದೆ ಮುಂದಿನ ಹೆಜ್ಜೆ ಇಟ್ಟರೆ ಸಾಕು. ಆ ಲೆಕ್ಕದಲ್ಲಿ ನಮ್ಮ ಪಕ್ಕದ ತಾಲ್ಲೂಕಿನಲ್ಲೇ ಒಂದು ಇದೆ. 2023ರ ಏಪ್ರಿಲ್ 2ರ ಬೆಳಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯುಳ್ಳ ಒಂದು ವಾಹನವನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಹೊತ್ತೊಯ್ದು ಬಿಟ್ಟಿತು. ಅದು ತಾನೇ ದಾರಿ ಹಿಡಿದು ರನ್‌ವೇಗೆ ಬಂದು ಇಳಿಯಿತು. 2024ರಲ್ಲಿ ಮಾರ್ಚ್ 22ಕ್ಕೆ, ಮತ್ತೆ ಜೂನ್ 23ಕ್ಕೆ ಇದನ್ನೇ ಮಾಡಿದರು. ಕೊನೆಯ ಸಲ ಬೇಕೆಂದೇ 500 ಮೀಟರ್ ಪಕ್ಕಕ್ಕೆ ಬಿಟ್ಟರೂ ತಪ್ಪನ್ನು ತಾನೇ ತಿದ್ದಿಕೊಂಡು, ಗಂಟೆಗೆ 320 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿತು. ಹೆಸರು ಪುಷ್ಪಕ್. ಪುರಾಣದ ಪುಷ್ಪಕ ಒಡೆಯನ ಮನಸ್ಸನ್ನು ಅರಿತು ಹಾರುತ್ತಿತ್ತಂತೆ. ಹೆಸರಿಟ್ಟವರಿಗೆ ಕಥೆ ಗೊತ್ತಿತ್ತು.

ತಾತ ಕೇಳಿದ ಬೀಳುವ ಮಾತೂ ಸುಳ್ಳಲ್ಲ. 2019ರ ಸೆಪ್ಟೆಂಬರ್ 17ರ ಬೆಳಗ್ಗೆ ಡಿ.ಆರ್.ಡಿ.ಓ.ದ ರುಸ್ತುಂ-2 ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ಅದೇ ಜಾತಿಯ ತಪಸ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಬಿತ್ತು. ಇವು ನೆಲದಲ್ಲಿ ಕೂತವರು ಹಾರಿಸುವ ವಿಮಾನಗಳು, ಪುಷ್ಪಕ್‌ನಷ್ಟು ಸ್ವತಂತ್ರವಲ್ಲ. ಜನ ಮಾತ್ರ ಎರಡನ್ನೂ ಒಂದೇ ಎಂದು ನೋಡಿದರು: ಒಳಗೆ ಯಾರಿಲ್ಲ, ಕೆಳಗೆ ನಾವಿದ್ದೇವೆ.

ಇಲ್ಲಿಂದ ನನ್ನ ತಲೆ ಬ್ರಹ್ಮಗಿರಿಗೆ ಹೋಯಿತು. ನಮ್ಮ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದ. ಶಾಲೆಯಲ್ಲಿ ಓದಿದ ಅಶೋಕ ಕಳಿಂಗದ ಅಶೋಕ. ಬೌದ್ಧರ ಪಾಲಿ ಕಥೆಗಳಲ್ಲಿ ಇನ್ನೊಬ್ಬ ಅಶೋಕನಿದ್ದಾನೆ. ಅವನು ರೋಬೋಗಳ ಎದುರು ನಿಂತವನು.

ಕಥೆ ಹೀಗಿದೆ. ಬುದ್ಧನ ಅಸ್ಥಿಗಳನ್ನು ಅಜಾತಶತ್ರು ನೆಲದೊಳಗೆ ಇಟ್ಟು, ಸುತ್ತ ಕತ್ತಿ ಹಿಡಿದ ಮರದ ಗೊಂಬೆಗಳನ್ನು ನಿಲ್ಲಿಸುತ್ತಾನೆ. ಅವು ಗಾಳಿಯ ವೇಗದಲ್ಲಿ ತಿರುಗುತ್ತಿರುತ್ತವೆ, ಹತ್ತಿರ ಹೋದವನ ಕಥೆ ಮುಗಿಯಿತು. ನಿಲ್ಲಿಸಿದ ರಾಜ ಸತ್ತು ಮಣ್ಣಾದರೂ ಅವು ನಿಲ್ಲುವುದಿಲ್ಲ. ಮುಂದೆ ಅಶೋಕ ಅಗೆಸಿದಾಗ ಒಳಗೆ ಕಾಲಿಡಲು ಆಗುವುದಿಲ್ಲ. ಆಗ ವಿಶ್ವಕರ್ಮ ಹಳ್ಳಿ ಹುಡುಗನ ವೇಷದಲ್ಲಿ ಬಂದು ಸರಿಯಾಗಿ ಕೀಲಿಗೆ ಒಂದು ಬಾಣ ಬಿಡುತ್ತಾನೆ. ಯಂತ್ರ ಕಳಚಿ ಬೀಳುತ್ತದೆ. ಬರ್ಮಾದ 'ಲೋಕಪಞ್ಞತ್ತಿ' ಎಂಬ ಪಾಲಿ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ಈ ಯಂತ್ರವಿದ್ಯೆ ರೋಮ್ ದೇಶದ ಗುಟ್ಟಂತೆ. ಅದನ್ನು ಹೊರಗೆ ಒಯ್ಯುವವನನ್ನು ಯಂತ್ರವೇ ಅಟ್ಟಿಸಿಕೊಂಡು ಬಂದು ಕೊಲ್ಲುತ್ತದಂತೆ. ಅದಕ್ಕೇ ಒಬ್ಬ ನಕ್ಷೆಯನ್ನು ತನ್ನ ತೊಡೆಯ ಚರ್ಮದೊಳಗೆ ಇಟ್ಟು ಹೊಲಿಸಿಕೊಂಡ. ಅವನು ಸತ್ತ ಮೇಲೆ ಮಗ ಅದನ್ನು ತೆಗೆದು ಪಾಟಲಿಪುತ್ರಕ್ಕೆ ತಂದ. ಇದು ಇತಿಹಾಸ ಅಲ್ಲ, ಅಶೋಕನ ಎಷ್ಟೋ ಶತಮಾನಗಳ ನಂತರ ಬರೆದದ್ದು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಸೈನ್ಸ್ ಫಿಕ್ಷನ್. ಬ್ರಹ್ಮಗಿರಿ ಬಂಡೆಯ ಮೇಲೆ ಇದರ ಸುಳಿವೂ ಇಲ್ಲ. ಅಲ್ಲಿ ಇರುವುದು ದೊಡ್ಡವರಂತೆ ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದೆಂಬ ಮಾತು, ಕೊನೆಗೆ ಚಪಡ ಎಂಬ ಲಿಪಿಕಾರನ ಹೆಸರು. ಕೆತ್ತಿದ್ದಕ್ಕೆ ಹೊಣೆ ಯಾರು ಅನ್ನುವುದಾದರೂ ಅಲ್ಲಿ ಗೊತ್ತಾಗುತ್ತದೆ!

'ರೋಬೋ' ಪದ ಹುಟ್ಟಿದ್ದು 1920ರಲ್ಲಿ, ಚೆಕ್ ಲೇಖಕ ಕಾರೆಲ್ ಚಾಪೆಕ್ ಬರೆದ 'ಆರ್.ಯು.ಆರ್.' ನಾಟಕದಲ್ಲಿ. ಹೆಸರು ಸೂಚಿಸಿದ್ದು ಅವನ ಅಣ್ಣ ಜೋಸೆಫ್. ಚೆಕ್ ಭಾಷೆಯ 'ರೊಬೊತಾ' ಅಂದರೆ ಜಮೀನ್ದಾರನಿಗೆ ರೈತರು ಮಾಡಬೇಕಿದ್ದ ಬಿಟ್ಟಿ ಚಾಕರಿ. ನಮ್ಮ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ದೇಶದಲ್ಲಿ ಜೀತವನ್ನು ಕಾನೂನಿನಿಂದ ರದ್ದು ಮಾಡಿದ್ದೇ 1976ರಲ್ಲಿ. ಚಾಪೆಕ್‌ನ ಆಳುಗಳು ಕೊನೆಗೆ ದಂಗೆ ಎದ್ದು ಮನುಷ್ಯರನ್ನು ಮುಗಿಸುತ್ತವೆ. ಸಿನಿಮಾದವರು ಆ ದಂಗೆಯನ್ನು ಇಟ್ಟುಕೊಂಡರು, ಬಿಟ್ಟಿಯನ್ನು ಮರೆತರು.

ಹಾಗೆ ನೋಡಿದರೆ ನಮ್ಮ ಕಾವಲುಗಳಲ್ಲೂ ದುಡಿಯುವ ಜೀವಗಳಿದ್ದವು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಅದರ ಎತ್ತುಗಳು ಎಳೆದದ್ದು ಹಾಲಿನ ಗಾಡಿಯನ್ನಲ್ಲ, ಫಿರಂಗಿಯನ್ನು. ಆ ಎತ್ತುಗಳಿಗಾಗಿ ಕಾದಿಟ್ಟ ಹುಲ್ಲುಗಾವಲೇ ಅಮೃತಮಹಲ್ ಕಾವಲು. ಚಳ್ಳಕೆರೆಯ ವರವು ಕಾವಲಿನಲ್ಲಿ ಈಗ ಡಿ.ಆರ್.ಡಿ.ಓ.ದ ಪರೀಕ್ಷಾ ಕೇಂದ್ರ ಇದೆ. 4,290 ಎಕರೆ, 2017ರ ಮೇ 28ರಂದು ಉದ್ಘಾಟನೆ. ಪುಷ್ಪಕ್ ಇಳಿದದ್ದೂ ಅಲ್ಲಿಯೇ. ಉಳ್ಳಾರ್ತಿ, ಕುದಾಪುರದ ಕಡೆ ಬೇರೆ ಸಂಸ್ಥೆಗಳಿಗೂ ನೆಲ ಹೋಯಿತು. ಮೇವಿನ ಹಕ್ಕಿನ ತಕರಾರು 2013ರಲ್ಲಿ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಯುದ್ಧದ ಎತ್ತು ಮೇಯುತ್ತಿದ್ದ ಹುಲ್ಲಿನ ಮೇಲೆ ಯುದ್ಧದ ವಿಮಾನ ಇಳಿಯುತ್ತಿದೆ. ವ್ಯತ್ಯಾಸ ಒಂದೇ. ಎತ್ತಿನ ಜೊತೆ ಕಾಯುವವನೊಬ್ಬ ಇರುತ್ತಿದ್ದ, ಅವನ ದನಕುರಿಗೂ ಅಲ್ಲೇ ಮೇವಿತ್ತು. ವಿಜ್ಞಾನ ಬೇಡ ಅನ್ನುವವನು ನಾನಲ್ಲ, ಪುಷ್ಪಕ್ ಇಳಿದ ದಿನ ನಾನೂ ಖುಷಿಪಟ್ಟವನೇ. ಆದರೆ ಅಜಾತಶತ್ರುವಿನ ಗೊಂಬೆಗಳ ಕಥೆ ಓದುವಾಗ ನನಗೆ ಕತ್ತಿಗಿಂತ ಹೆಚ್ಚು ಕಾಡಿದ್ದು, ಆ ನೆಲದ ಹತ್ತಿರ ಯಾರೂ ಸುಳಿಯದಂತೆ ಆಯಿತಲ್ಲ ಅನ್ನುವುದು.

ಮೊನ್ನೆ ಬೈಕಿನಲ್ಲಿ ಆ ಕಡೆ ಹೋಗಿದ್ದೆ. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಿಲಾರಿಯೊಬ್ಬರು ಕಾಂಪೌಂಡ್ ಗೋಡೆಯ ಗುಂಟ ಹೊಡೆದುಕೊಂಡು ಹೋಗುತ್ತಿದ್ದರು. ಮೇಲೆ ಏನೋ ಗುಂಯ್‌ಗುಟ್ಟಿತು. ಎತ್ತುಗಳು ತಲೆ ಎತ್ತಲಿಲ್ಲ. ಕಿಲಾರಿ ಮಾತ್ರ ಎತ್ತಿ ನೋಡಿ, ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ನಡೆದರು.