ಮೇಸ್ತ್ರಿಗೂ ಒಂದು ಪಾಠಯೋಜನೆ

ಬಿ.ಎಡ್. ಓದಿದವರು ಹರ್ಬಾರ್ಟ್ ಪಂಥದ ಪಾಠಸೋಪಾನಗಳನ್ನು ಮರೆಯಲಾರರು. ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂದು ನಾವೆಲ್ಲ ಪಾಠಯೋಜನೆ ಬರೆದದ್ದೇ ಬರೆದದ್ದು. ಆ ಸೋಪಾನಗಳು ಶಾಲೆಯ ಹೊಸ್ತಿಲು ದಾಟಿ ಕಾರ್ಖಾನೆಯನ್ನೂ ಹೊಕ್ಕವೆಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರದ ಓದಿನಲ್ಲಿ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಚಾರ್ಲ್ಸ್ ಅಲೆನ್ ಹಡಗು ಕಟ್ಟುವವರ ತರಬೇತಿಗೆಂದು ಅವನ್ನು ನಾಲ್ಕು ಹಂತಗಳಾಗಿ ಅಳವಡಿಸಿದ. 1940ರಲ್ಲಿ ಅಲ್ಲಿನ ಸರ್ಕಾರ ಆರಂಭಿಸಿದ 'ಟ್ರೇನಿಂಗ್ ವಿದಿನ್ ಇಂಡಸ್ಟ್ರಿ' ಯೋಜನೆಗೆ ಅವೇ ಅಡಿಪಾಯವಾದವು. ಕಲಿಯುವವನನ್ನು ಅಣಿಗೊಳಿಸುವುದು, ಮಾಡಿ ತೋರಿಸುವುದು, ಅವನಿಂದ ಮಾಡಿಸುವುದು, ಆಮೇಲೆ ಹೋಗಿ ವಿಚಾರಿಸುವುದು. ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೆ ಹೊಸಬರು ತುಂಬಿಕೊಂಡಿದ್ದರು. ಅವರನ್ನು ಮುನ್ನಡೆಸಬಲ್ಲ ಮೇಸ್ತ್ರಿಗಳು ಸಾಲದಾಗಿದ್ದರು.

ಕೆಲಸ ಕಲಿಸುವುದು, ಕೆಲಸದ ವಿಧಾನ ಸುಧಾರಿಸುವುದು, ಕೈಕೆಳಗಿನವರೊಡನೆ ನಡೆದುಕೊಳ್ಳುವುದು, ಈ ಮೂರಕ್ಕೂ ತಲಾ ಹತ್ತು ಗಂಟೆಗಳ ಪಾಠ. ಉಪನ್ಯಾಸಕ್ಕಿಂತ ಅಭ್ಯಾಸಕ್ಕೇ ಪ್ರಾಶಸ್ತ್ಯ. ಪ್ರತಿಯೊಬ್ಬನೂ ತನ್ನ ಕಾರ್ಖಾನೆಯ ನಿಜವಾದ ಸಮಸ್ಯೆಯನ್ನೇ ತಂದು ಎಲ್ಲರೆದುರು ಬಿಡಿಸಬೇಕಿತ್ತು. 1945ರಲ್ಲಿ ಯೋಜನೆ ಮುಗಿಯುವಷ್ಟರಲ್ಲಿ 16 ಲಕ್ಷಕ್ಕೂ ಹೆಚ್ಚು ಮಂದಿ ಪ್ರಮಾಣಪತ್ರ ಪಡೆದಿದ್ದರು. ಯುದ್ಧಾನಂತರ ಈ ಪಾಠ ಜಪಾನಿಗೆ ಹೋಯಿತು. 1950ರ ದಶಕದಲ್ಲಿ ಟೊಯೊಟಾ ಅದನ್ನು ತನ್ನದಾಗಿಸಿಕೊಂಡಿತು.

ಇಂದು ನಾಯಕತ್ವ ಶಿಬಿರಗಳಿಗೆ ಕೊರತೆಯಿಲ್ಲ. ಎರಡು ದಿನ ಹೋಟೆಲಿನಲ್ಲಿ ಭಾಷಣ, ಕೊನೆಗೊಂದು ಪ್ರಮಾಣಪತ್ರ, ಅಲ್ಲಿಗೆ ಮುಗಿಯಿತು. ಕಲಿತವನು ತನ್ನ ಕೆಲಸದ ಜಾಗಕ್ಕೆ ಮರಳಿದ ಮೇಲೆ ಏನಾದನೆಂದು ವಿಚಾರಿಸುವವರು ವಿರಳ. ನಾಲ್ಕನೆಯ ಹಂತವನ್ನು ಬಿಟ್ಟರೆ ಮೊದಲಿನ ಮೂರೂ ವ್ಯರ್ಥ. ಅಭ್ಯಾಸ ಪುಸ್ತಕ ತಿದ್ದದ ಮೇಷ್ಟರ ಪಾಠ ಮಕ್ಕಳಿಗೆ ಎಷ್ಟು ಹತ್ತೀತು?